ರೈಲಿಲ್ಲದ ಊರಿನಲ್ಲಿ ಭಾವನ ಪೂಲ್ ಟೇಬಲ್

ಪೂಲ್ ಆಡಿ ಮಕ್ಕಳು ಕೆಟ್ಟುಹೋಗುತ್ತಾರೆ ಎಂದು ಹೆದರುವ ತಂದೆ ತಾಯಂದಿರಿಗೆ ನನ್ನದೊಂದು ಸಲಹೆ. ಬೈಯಬೇಡಿ, ಹೊಡೆಯಬೇಡಿ, ದೇವರಿಗೆ ಹರಕೆ ಹೊರಬೇಡಿ. ಮಗನ ಕೈ ಹಿಡಿದು ಮಾಗಡಿಗೆ ಕರೆದುಕೊಂಡು ಹೋಗಿ, ನಮ್ಮ ಭಾವನ ಹತ್ತಿರ ಪೂಲ್ ಕಲಿಯಲು ಬಿಟ್ಟುಬಿಡಿ. ಹದಿನೈದು ದಿನ, ಹೆಚ್ಚೆಂದರೆ ಇಪ್ಪತ್ತು. ಆಮೇಲೆ ಅವನು ಜನ್ಮದಲ್ಲಿ ಪೂಲ್ ಟೇಬಲ್ಲಿನ ಕಡೆ ತಿರುಗಿ ನೋಡಿದರೆ ನನ್ನನ್ನು ಕೇಳಿ! ನಮ್ಮ ಭಾವ ಈ ಆಟದಿಂದ ಕಾಪಾಡಿದಷ್ಟು ಯುವಕರನ್ನು ಪೊಲೀಸರೂ ಕಾಪಾಡಿಲ್ಲ.

ತಮಾಷೆ ಏನೆಂದರೆ, ಅವರು ಕಾಪಾಡಬೇಕೆಂದು ಹೊರಟವರಲ್ಲ. ಒಬ್ಬರಾದರೂ ನೆಟ್ಟಗೆ ಕಲಿತು ನಿಲ್ಲಲಿ ಎಂದು ಹಂಬಲಿಸಿ ಹಂಬಲಿಸಿಯೇ ಎಲ್ಲರನ್ನೂ ಓಡಿಸಿದವರು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಪೂಲ್ ಎಂದರೆ ಹಸಿರು ಬಟ್ಟೆ ಹೊದಿಸಿದ ಮಂಚದಷ್ಟು ಅಗಲದ ಟೇಬಲ್ಲು, ಅಂಚಿನಲ್ಲಿ ಆರು ಗುಳಿ. ಉದ್ದನೆಯ ಕೋಲಿನಿಂದ ಬಿಳಿ ಚೆಂಡಿಗೆ ಹೊಡೆದು, ಅದರಿಂದ ಬಣ್ಣದ ಚೆಂಡುಗಳನ್ನು ಗುಳಿಗೆ ಬೀಳಿಸಬೇಕು. ಮಾಗಡಿಯಲ್ಲಿ ಇದನ್ನು 'ದೊಡ್ಡ ಕೇರಂ' ಎನ್ನುತ್ತಾರೆ. ಭಾವನ ಕಿವಿಗೆ ಆ ಮಾತು ಬಿದ್ದರೆ ಆ ದಿನ ಅಂಗಡಿ ಬಂದ್.

ನಾನು ಈ ಆಟದವನಲ್ಲ. ಎಂಟನೇ ಕ್ಲಾಸಿನಲ್ಲೇ ಶಾಲೆಗೆ ಕೈಮುಗಿದು ಗಾರೆ ಕಲಸಲು ಹೋದವನು. ಈಗ ರಾಮನಗರದಲ್ಲಿ ಟೈಲ್ಸ್ ಮೇಸ್ತ್ರಿ. ನಾನು ಹಾಸಿದ ನೆಲದಲ್ಲಿ ಒಂದು ತಂಬಿಗೆ ನೀರು ಚೆಲ್ಲಿ ನೋಡಿ, ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತದೆ. ಹೆಮ್ಮೆ ಎಂದುಕೊಂಡರೂ ಸರಿ, ಇದ್ದದ್ದನ್ನೇ ಹೇಳುತ್ತಿದ್ದೇನೆ. ಅಕ್ಕನ ಮದುವೆಯಾದ ಮೇಲೆ ಭಾವ ನನ್ನಲ್ಲಿ ಮೆಚ್ಚಿಕೊಂಡದ್ದು ಒಂದೇ ಒಂದು ವಸ್ತು: ನನ್ನ ರಸಮಟ್ಟ. ಅದೇ, ನೆಲ ಸಮ ಇದೆಯೋ ಇಲ್ಲವೋ ಎಂದು ನೋಡುವ, ನಡುವೆ ಗಾಳಿಗುಳ್ಳೆ ಆಡುವ ಪಟ್ಟಿ.

ಭಾವ ವಯಸ್ಸಿನಲ್ಲಿ ಬೆಂಗಳೂರಿನ ಒಂದು ದೊಡ್ಡ ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದವರು. ಎಂದರೆ, ಆಡುವ ಸಾಹೇಬರುಗಳಿಗೆ ಚೆಂಡು ಜೋಡಿಸಿಕೊಟ್ಟು, ಅವರ ಅಂಕ ಬರೆದಿಟ್ಟು, ಗೋಡೆಗೆ ಅಂಟಿಕೊಂಡು ನಿಲ್ಲುವ ಕೆಲಸ. ಸಾಹೇಬರು ಬರುವ ಮೊದಲು, ಬೆಳಗಿನ ಹೊತ್ತು, ಒಂಟಿಯಾಗಿ ಆಡಿ ಆಡಿ ಕಲಿತರು. ಕ್ಲಬ್ಬಿನವರು ಹಳೆಯ ಟೇಬಲ್ಲೊಂದನ್ನು ಎಸೆಯಲು ಹೊರಟಾಗ ಇವರು ಅದನ್ನು ಟೆಂಪೋದಲ್ಲಿ ರಾಮನಗರಕ್ಕೆ ತಂದರು. ಹಸಿರು ಬಟ್ಟೆಯ ಅಡಿಯಲ್ಲಿ ಇರುವುದು ಹಲಗೆಯಲ್ಲ ಸ್ವಾಮಿ, ಕಲ್ಲಿನ ಚಪ್ಪಡಿ! ಮೂರು ಚಪ್ಪಡಿ ಇಳಿಸುವಷ್ಟರಲ್ಲಿ ಟೆಂಪೋ ಡ್ರೈವರನ ಸೊಂಟ ಹಿಡಿದುಕೊಂಡಿತು.

"ಏನ್ ಸಾಮಿ, ಬೆಂಗಳೂರಿಂದ ರಾಮನಗರಕ್ಕೆ ಕಲ್ಲು ತಂದವ್ರೆ ನೀವೊಬ್ರೇ! ನಮ್ಮೂರಲ್ಲಿ ಕಲ್ಲಿಗೇನ್ ಬರವಾ?" ಎಂದು ಅವನು ಕೇಳಿದ್ದು ಇವತ್ತಿಗೂ ನಮ್ಮ ಕೇರಿಯಲ್ಲಿ ಓಡಾಡುತ್ತಿದೆ.

ಅಂಗಡಿ ಇಟ್ಟದ್ದು ರೈಲ್ವೆ ಸ್ಟೇಷನ್ನಿನ ಹಿಂದೆ. ಜನ ಓಡಾಡುವ ಜಾಗ, ಬಾಯಾರಿದವರಿಗೆ ಪಕ್ಕದಲ್ಲೇ ಟೀ. ಯಾರೇ ಆದರೂ ಹೊಗಳುವಂಥ ಆಯ್ಕೆ. ಆದರೆ ರೈಲು ಹೋದಾಗಲೆಲ್ಲ ನೆಲ ಅದುರುತ್ತದೆ, ನೆಲ ಅದುರಿದರೆ ಟೇಬಲ್ಲಿನ ಮಟ್ಟ ತಪ್ಪುತ್ತದೆ ಎಂದು ಭಾವನಿಗೆ ಗುಮಾನಿ ಹುಟ್ಟಿತು. ಗುಮಾನಿ ಹುಟ್ಟಿದ ಮೇಲೆ ಮುಗಿಯಿತಲ್ಲ! ಮೈಸೂರು ಕಡೆಗೆ ಎಷ್ಟು ಹೊತ್ತಿಗೆ, ಬೆಂಗಳೂರು ಕಡೆಗೆ ಎಷ್ಟು ಹೊತ್ತಿಗೆ, ಗೂಡ್ಸ್ ಯಾವಾಗ, ಸ್ಟೇಷನ್ ಮಾಸ್ಟರಿಗಿಂತ ಚೆನ್ನಾಗಿ ಬಾಯಿಪಾಠ. ರೈಲು ಬರುವ ಮೊದಲೇ "ಕೋಲ್ ಎತ್ರೀ!" ಎಂದು ಕೂಗುವರು. ಆಡುತ್ತಿದ್ದವರು ಗೋಡೆಗೆ ಒರಗಿ ನಿಲ್ಲಬೇಕು. ರೈಲು ಹೋದ ಮೇಲೆ ನನಗೆ ಫೋನು. ನಾನು ಕೆಲಸ ಬಿಟ್ಟು ರಸಮಟ್ಟ ಹಿಡಿದು ಓಡಬೇಕು. ಗುಳ್ಳೆ ನಡುವಿನಲ್ಲೇ ಇರುತ್ತಿತ್ತು.

"ಸರಿಯಾಗೇ ಐತಲ್ಲ ಭಾವ."

"ಗುಳ್ಳೆ ಒಸಿ ಎಡಕ್ಕೆ ಉಸ್ರಾಡ್ತಾ ಐತೆ, ನೋಡ್ಲಾ."

ಗುಳ್ಳೆ ಉಸಿರಾಡುತ್ತದೆಯೇ? ನೀವೇ ಹೇಳಿ! ಕೊನೆಗೆ ಒಬ್ಬ ಗಿರಾಕಿ ಕೋಲನ್ನು ಗೋಡೆಗೆ ಒರಗಿಸಿ ಕೇಳಿಯೇಬಿಟ್ಟ: "ಸಾರ್, ನಾನು ಆಟಕ್ಕೆ ಬಂದಿದ್ನಾ, ಟೇಷನ್‌ಗೆ ಬಂದಿದ್ನಾ? ಆಟಕ್ಕೇ ಬಂದಿದ್ರೆ ಹೋಯ್ತೀನಿ. ಟೇಷನ್‌ಗೆ ಬಂದಿದ್ರೆ ಟಿಕೀಟಾದ್ರೂ ಕೊಡಿ."

ಆಗ ಭಾವ ತೆಗೆದುಕೊಂಡ ತೀರ್ಮಾನ ಕೇಳಿದರೆ ನೀವು ನಗುತ್ತೀರಿ, ನಾನಂತೂ ಅತ್ತುಬಿಟ್ಟೆ. ಸುತ್ತಮುತ್ತ ರೈಲಿಲ್ಲದ ಊರು ಯಾವುದು? ಮಾಗಡಿ! ಟೇಬಲ್ಲು ಮಾಗಡಿಗೆ ಹೊರಟಿತು, ಹಿಂದೆಯೇ ಅಕ್ಕನ ಸಂಸಾರವೂ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಹಡಿ ಸಿಕ್ಕಿತು. ಮೂರು ಚಪ್ಪಡಿಯನ್ನೂ ಮೆಟ್ಟಿಲು ಹತ್ತಿಸಿದವನು ನಾನು. ತಾಲ್ಲೂಕಿನ ಜನವೆಲ್ಲ ನಮಗೂ ಒಂದು ರೈಲು ಬರಲಿ ಎಂದು ಕಾಯುತ್ತಿದ್ದರೆ, ಬರದೇ ಇರಲಿ ಎಂದು ಬೇಡಿಕೊಳ್ಳುವ ಒಬ್ಬನೇ ಒಬ್ಬ ಮನುಷ್ಯ ನಮ್ಮ ಭಾವ. ಮಟ್ಟ ನಿಂತಿತು. ಜನ ಬರುವುದೂ ನಿಂತುಹೋಯಿತು! ರೈಲಿನ ಜೊತೆ ಗಿರಾಕಿಗಳನ್ನೂ ಹಿಂದೆ ಬಿಟ್ಟು ಬಂದಿದ್ದೇವೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಇನ್ನು ಕಲಿಯಲು ಬಂದವರ ಗತಿ. ಮೊದಲ ತಿಂಗಳು ಬಣ್ಣದ ಚೆಂಡು ಮುಟ್ಟುವಂತಿಲ್ಲ. ಬರೀ ಬಿಳಿ ಚೆಂಡನ್ನು ಆ ತುದಿಗೆ ಹೊಡೆಯಬೇಕು, ಅದು ವಾಪಸ್ ಬಂದು ಕೋಲಿನ ಮೂತಿಗೇ ಮುತ್ತಿಕ್ಕಬೇಕು. ಅದೂ ಆಮೇಲಿನ ಮಾತು. ಮೊದಲು ಖಾಲಿ ಜ್ಯೂಸ್ ಬಾಟಲಿಯೊಂದನ್ನು ಟೇಬಲ್ ಮೇಲೆ ಮಲಗಿಸಿ, ಅದರ ಬಾಯೊಳಗೆ ಕೋಲನ್ನು ಗಾಜಿಗೆ ತಾಗದಂತೆ ತೂರಿಸಿ ತೆಗೆಯುವುದು ಕಲಿಯಬೇಕು. ಅದಕ್ಕಿಂತ ಮೊದಲು ನಿಲ್ಲುವುದು ಕಲಿಯಬೇಕು. ಪಾದ ಇಷ್ಟು, ಮೊಣಕಾಲು ಅಷ್ಟು, ಗಲ್ಲ ಕೋಲಿನ ಮೇಲೆ. ಬೇರೆ ಊರುಗಳಲ್ಲಿ ಮೊದಲ ದಿನವೇ ಬಣ್ಣದ ಚೆಂಡು ಟಕ್ಕೆಂದು ಬೀಳಿಸಿ ಕೂಗಾಡಿಕೊಂಡು ಮನೆಗೆ ಹೋಗುತ್ತಾರಂತೆ. ಅವರೂ ಉಳಿಯುವುದಿಲ್ಲ, ಅದು ಬೇರೆ ವಿಷಯ. ಕೂಗಾಟ ಹಳೆಯದಾದ ಮೇಲೆ ಇನ್ನೇನಿದೆ ಎಂದು ತೋರಿಸುವವರು ಅಲ್ಲಿ ಇರುವುದಿಲ್ಲ. ಇಲ್ಲಿ ತೋರಿಸುವವರು ಇದ್ದಾರೆ, ಕೂಗುವುದಕ್ಕೇ ಬಿಡುವುದಿಲ್ಲ!

ಹೋದ ಯುಗಾದಿ ಕಳೆದ ಮಾರನೆಯ ದಿನ ಅಕ್ಕ ಫೋನ್ ಮಾಡಿದಳು.

"ಲೋ ತಮ್ಮ, ನಿಮ್ ಭಾವ ನೆನ್ನೆ ಹಬ್ಬದ ದಿನ ಒಂದ್ ಮಾತಂದ್ರು ಕಣೋ. ಮುಂದಿನ ಯುಗಾದಿಯೊಳಗೆ ಒಬ್ರಾದ್ರೂ ನಿಂತು ಕಲೀದೆ ಇದ್ರೆ ಟೇಬಲ್ ಬಿಚ್ಚಿ ಹಾಕ್ಬುಡ್ತಾರಂತೆ."

"ಒಳ್ಳೇದೇ ಆಯ್ತಲ್ಲಕ್ಕ, ಮನೇಲಿ ಇರ್ತಾರೆ."

"ಏನ್ ಒಳ್ಳೇದ್ಲಾ? ಮೊನ್ನೆ ಒಂದಿನ ಮನೇಲಿದ್ರು. ದೋಸೆ ಹುಯ್ಯೋವಾಗ ನನ್ ಮೊಣಕೈ ನೆಟ್ಟಗಿಲ್ಲ ಅಂತ ಮೂರ್ ದೋಸೆ ವಾಪಸ್ ಮಾಡಿದ್ರು!" ಎಂದು ನಕ್ಕಳು. ನಗು ಅಲ್ಲೇ ನಿಂತಿತು. "ತಮಾಸೆಯಲ್ಲ ಕಣೋ. ಆ ಮಾತಂದಾಗಿಂದ ಅನ್ನಕ್ಕೆ ಕೈ ಹಾಕಿ ಹಂಗೇ ಕೂತ್ಕತಾರೆ. ಆ ಟೇಬಲ್ ಹೋದ್ರೆ ಈ ಮನುಷ್ಯ ಉಳಿಯಲ್ಲ. ನೀನು ಒಸಿ ನೋಡ್ಕೊ."

ಏನನ್ನು ನೋಡಿಕೊಳ್ಳಲಿ? ಬಂದವರು ಓಡಿಹೋಗದಂತೆ ಬಾಗಿಲಿಗೆ ಅಡ್ಡ ಮಲಗಲೇ? ಆದರೂ ಅಂದಿನಿಂದ ಪ್ರತಿ ಭಾನುವಾರ ರಾಮನಗರದಿಂದ ಮಾಗಡಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೂತರೆ ಒಂದೇ ಯೋಚನೆ. ಹೋದ ವಾರ ಇದ್ದವನು ಈ ವಾರ ಇದ್ದಾನೋ ಇಲ್ಲವೋ? ಇದ್ದರೆ ಭಾವ ಅವನಿಗೆ ಏನಂದಿರಬಹುದು? ಇಳಿದು ಮೆಟ್ಟಿಲ ಕೆಳಗೆ ನಿಂತು ಮೊದಲು ಚಪ್ಪಲಿ ಎಣಿಸುತ್ತಿದ್ದೆ. ಭಾವನದೊಂದೇ ಜೊತೆ ಇದ್ದರೆ ಮೇಲೆ ಹತ್ತುವ ಮೊದಲು ಇನ್ನೊಂದು ಸಲ ಎಣಿಸುತ್ತಿದ್ದೆ.

ಆಷಾಢದಲ್ಲಿ ಮೂವರು ಬಂದರು. ಮೊಬೈಲಿನಲ್ಲಿ ಪೂಲ್ ಆಡಿ ಆಡಿ ಊರಿಗೇ ಚಾಂಪಿಯನ್ನರಾದವರು. ಒಬ್ಬ ಕೋಲು ಹಿಡಿದು ಟೇಬಲ್ ಸುತ್ತ ಹುಡುಕಾಡಿದ.

"ಏನ್ ಹುಡುಕ್ತಾ ಇದ್ದೀಯಪ್ಪ?" ಎಂದರು ಭಾವ.

"ಗೆರೆ ಎಲ್ಲಿ ಸಾರ್? ಮೊಬೈಲಲ್ಲಿ ಚೆಂಡು ಎಲ್ಲಿಗೆ ಹೋಯ್ತದೆ ಅಂತ ಗೆರೆ ಬತ್ತದಲ್ಲ."

"ಆ ಗೆರೆ ನಿನ್ ತಲೇಲಿ ಬರ್ಬೇಕು."

"ತಲೇಲಿ ಬರೋಂಗಿದ್ರೆ ಎಸ್ಸೆಲ್ಸಿ ಪಾಸಾಗ್ತಿದ್ದೆ ಬುಡಿ ಸಾರ್!"

ನಾನು ಬಿದ್ದು ಬಿದ್ದು ನಕ್ಕೆ, ನನಗೂ ಬರದ ಗೆರೆ ಅದು. ಭಾವ ನಗಲಿಲ್ಲ. ಅವನ ಪಾದದ ಸುತ್ತ, ಕೋಲಿನ ತುದಿಗೆ ಉಜ್ಜುವ ನೀಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲಾಡದೆ ನಿಲ್ಲು ಎಂದರು. ಮೂವರೂ ಟೀ ಕುಡಿದು ಬರುತ್ತೇವೆ ಎಂದು ಇಳಿದರು. ಆ ಟೀ ಇನ್ನೂ ಮುಗಿದಿಲ್ಲ.

ಆಮೇಲೆ ಕೆಂಪಾಪುರದಿಂದ ಒಬ್ಬ ಬಂದ. ಬೇಸಾಯಗಾರರ ಮನೆಯ ಹುಡುಗ, ಮದುವೆಯ ವಯಸ್ಸು. ಬೈಕಿನಲ್ಲಿ ಬಂದು ಒಂದು ಮಾತೂ ಆಡದೆ ಬಾಟಲಿಯ ಬಾಯಿಗೆ ಕೋಲು ತೂರಿಸುತ್ತಿದ್ದ. ಒಂದು ವಾರ, ಎರಡು ವಾರ, ಮೂರು ವಾರ! ನಾನು ಅಕ್ಕನಿಗೆ ಫೋನ್ ಮಾಡಿ "ಇವ್ನು ನಿಂತ ಕಣಕ್ಕ" ಎಂದೆ. ಅದೇ ವಾರ ಅವನಿಗೆ ಹೆಣ್ಣು ಗೊತ್ತಾಗುವುದಿತ್ತು. ಹೆಣ್ಣಿನ ಕಡೆಯವರು ವಿಚಾರಿಸಿದಾಗ ಯಾರೋ ಪುಣ್ಯಾತ್ಮರು 'ಹುಡುಗ ಡೈಲಿ ಪೂಲಿಗೆ ಹೋಗ್ತಾನೆ' ಎಂದರು. ನಮ್ಮ ಕಡೆ ಪೂಲ್ ಎಂದರೆ ಸಿಗರೇಟು, ಬೆಟ್ಟಿಂಗು, ಪೋಲಿತನ ಎಲ್ಲ ಒಟ್ಟಿಗೇ ಬಂತು. ಭಾವನ ಮಹಡಿಯಲ್ಲಿ ಬೀಡಿ ಹಚ್ಚುವುದಿರಲಿ, ಜೋರಾಗಿ ಆಕಳಿಸಿದರೂ ಹೊರಗೆ ಹಾಕುತ್ತಾರೆ ಎಂದು ಯಾರು ಹೇಳಬೇಕು?

ಹುಡುಗನ ಅಪ್ಪ ಒಂದು ಭಾನುವಾರ ಮೆಟ್ಟಿಲು ಹತ್ತಿ ಬಂದರು. ಭಾವ ಆ ಹುಡುಗನಿಗೆ ಒಳ್ಳೆಯ ಸರ್ಟಿಫಿಕೇಟು ಕೊಡಬೇಕೆಂದೇ ಎದ್ದು ನಿಂತು ಹೇಳಿದರು: "ನೋಡಿ ಗೌಡ್ರೆ, ನಿಮ್ ಮಗನ ಮೇಲೆ ಯಾರೂ ಮಾತಾಡಂಗಿಲ್ಲ. ಅವ್ನು ಇಲ್ಲಿವರ್ಗೂ ಒಂದ್ ಚೆಂಡೂ ಮುಟ್ಟಿಲ್ಲ."

"ಮತ್ತೆ ಮೂರು ವಾರದಿಂದ ಇಲ್ಲೇನ್ ಕಿಸೀತಾವ್ನೆ?"

"ನಿಂತ್ಕೊಳ್ಳೋದು ಕಲೀತಾವ್ನೆ."

ಗೌಡರು ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅದನ್ನ ಅವ್ನು ವರ್ಷದ ಕೂಸಾಗಿದ್ದಾಗ್ಲೇ ನಾವು ಕಲ್ಸಿದ್ವು. ನಡೀಲಾ ಮನೆಗೆ!"

ಮದುವೆ ಆಯಿತು. ನಮಗೆ ಕರೆಯೋಲೆಯೂ ಬಂತು. ಭಾವ ಊಟಕ್ಕೆ ಕೂತಾಗ ಮದುಮಗ ದೂರದಿಂದ ಕೈಮುಗಿದ, ಅಷ್ಟೇ. ಆ ದಿನ ಮದುವೆ ಊಟವನ್ನು ಎಲೆಯಲ್ಲೇ ಬಿಟ್ಟು ಎದ್ದವರು ನಮ್ಮ ಭಾವ ಒಬ್ಬರೇ.

ದಸರಾ ಹತ್ತಿರ ಬಂತು. ಯುಗಾದಿಗೆ ಇನ್ನು ಅರ್ಧ ವರ್ಷವಷ್ಟೇ. ಆಗ ಯಾರೂ ಕರೆಯದೆ ಒಬ್ಬಳು ಮೆಟ್ಟಿಲು ಹತ್ತಿದಳು. ಕಲಿಯುವುದಕ್ಕಲ್ಲ, ಜಗಳಕ್ಕೆ! ಮಹಡಿಯ ಕೆಳಗೆ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟವಳು. ಮೂವತ್ತರ ಒಳಗಿನ ವಯಸ್ಸು, ಕೊರಳಿಗೆ ಅಳತೆ ಟೇಪು, ಕಣ್ಣಲ್ಲಿ ಬೆಂಕಿ.

"ಸಾರ್, ಮೇಲಿಂದ ಧಡ್ ಅಂತ ಚೆಂಡ್ ಬಿದ್ದಾಗೆಲ್ಲ ನನ್ ಹೊಲಿಗೆ ಸೊಟ್ಟಗಾಯ್ತದೆ. ಹಬ್ಬದ ಬಟ್ಟೆ. ಬಿಚ್ಚಿ ಹೊಲ್ದು ಬಿಚ್ಚಿ ಹೊಲ್ದು ಸಾಕಾಗೋಯ್ತು!"

ಮುಗಿಯಿತು, ಇನ್ನು ಕಟ್ಟಡದ ಮಾಲೀಕರಿಗೆ ದೂರು ಹೋಗುತ್ತದೆ, ಯುಗಾದಿಯವರೆಗೂ ಕಾಯಬೇಕಾಗಿಲ್ಲ ಎಂದುಕೊಂಡೆ. ಆದರೆ ಭಾವನ ಮುಖದಲ್ಲಿ ಅಪರೂಪದ ಗೌರವ ಮೂಡಿತ್ತು.

"ಸೊಟ್ಟ ಆಗಿದ್ದು ನಿಂಗೆ ಗೊತ್ತಾಯ್ತದಾ?"

"ಒಂದ್ ನೂಲಷ್ಟು ಆದ್ರೂ ಗೊತ್ತಾಯ್ತದೆ."

"ಬಿಚ್ಚಿ ಮತ್ತೆ ಹೊಲೀತೀಯಾ?"

"ಬಿಚ್ದೆ ಹಂಗೇ ಕೊಡಕ್ಕಾಯ್ತದಾ?"

ಭಾವ ಕೋಲನ್ನು ಅವಳ ಕಡೆ ಚಾಚಿದರು. ಅವಳು ಬಾಟಲಿಯನ್ನೂ ಕೋಲನ್ನೂ ನೋಡಿ, ಟೇಪನ್ನು ಕೊರಳಿಂದ ತೆಗೆದಿಟ್ಟು ಬಾಗಿದಳು. ಮೊದಲ ಸಲ ಗಾಜಿಗೆ ತಾಗಿತು. ಎರಡನೆಯ ಸಲವೂ ತಾಗಿತು. ಮೂರನೆಯ ಸಲ ಕೋಲು ಸದ್ದಿಲ್ಲದೆ ಒಳಗೆ ಹೋಗಿ ಹೊರಗೆ ಬಂತು. "ಸೂಜಿಗೆ ದಾರ ಪೋಣ್ಸೋಳಿಗೆ ಇದೊಂದ್ ಲೆಕ್ಕವಾ?" ಎಂದಳು.

ಅಂದಿನಿಂದ ಮಧ್ಯಾಹ್ನದ ಊಟದ ಹೊತ್ತಿಗೆ ಮೇಲೆ ಬಂದು ಒಂದು ಗಂಟೆ ಆಡಿ ಇಳಿಯುತ್ತಿದ್ದಳು. ಭಾನುವಾರ ಬೆಳಗಿನಿಂದ ಇಲ್ಲೇ. ಜನ ಮಾತಾಡದೆ ಇರುತ್ತಾರೆಯೇ? ಎದುರಿನ ಬೇಕರಿಯವನು "ಏನಮ್ಮ, ಗಂಡಸ್ರು ಆಡೋ ಜಾಗಕ್ಕೆ?" ಎಂದು ಕೇಳಿದನಂತೆ. "ಯಾವ ಗಂಡಸ್ರಣ್ಣ? ಮೇಲೆ ಹೋಗಿ ನೋಡ್ಬುಟ್ಟು ಬಾ, ಒಬ್ರೂ ಇಲ್ಲ" ಎಂದಳಂತೆ! ಅದು ನಿಜವೇ ಆಗಿತ್ತು.

ಅವಳು ನಿಂತಳು. ನಿಂತಷ್ಟೂ ನನ್ನ ದಿಗಿಲು ಹೆಚ್ಚಿತು. ಬರೀ ಬಿಳಿ ಚೆಂಡಿನ ತಿಂಗಳು ದಾಟಿದಳು. ಬಣ್ಣದ ಚೆಂಡಿಗೆ ಬಂದಳು. ಭಾವ ಒಂದೇ ಹೊಡೆತವನ್ನು ನೂರು ಸಲ ಹೊಡೆಸಿದರು, ಹೊಡೆದಳು. ಅವರು ಗದರಿದರೆ ಅವಳು ತಿರುಗಿ ಗದರುತ್ತಿದ್ದಳು. ಈ ಹೆಣ್ಣುಮಗಳಿಗೆ ನೆಗಡಿಯಾದರೂ ನಾನು ರಾಮನಗರದಲ್ಲಿ ಕೂತು ಕೆಮ್ಮುತ್ತಿದ್ದೆ. ಸಂಕ್ರಾಂತಿ ಕಳೆಯುತ್ತಿದ್ದಂತೆ ಅವಳು ಭಾವನನ್ನು ಸೋಲಿಸಿದಳು. ಒಂದು ಸಲವಲ್ಲ, ಒಂದೇ ಭಾನುವಾರ ನಾಲ್ಕು ಸಲ. ಅಕ್ಕನಿಗೆ ಹೇಳಿದರೆ, "ಗೊತ್ತು ಕಣೋ, ಮೂರ್ ದಿನದಿಂದ ಎರಡೆರಡು ಮುದ್ದೆ ಉಣ್ತಾವ್ರೆ" ಎಂದಳು. ನಾನು ಗೆದ್ದೆ ಎಂದುಕೊಂಡೆ.

ಯುಗಾದಿಗೆ ಮೂರು ವಾರ ಇದೆ ಎನ್ನುವಾಗ, ಆಟ ಮುಗಿಸಿ ಕೋಲು ಒರೆಸುತ್ತಿದ್ದ ಅವಳಿಗೆ ಭಾವ ಹೇಳಿದರು:

"ಕೆಂಗೇರೀಲಿ ನಿಮ್ಮಕ್ಕ ಅವ್ಳೆ ಅಂದಿದ್ಯಲ್ಲ? ಅಲ್ಲಿಗೆ ಹೋಗವ್ವ. ಬೆಂಗಳೂರಲ್ಲಿ ಟೂರ್ನಮೆಂಟ್ ಆಡೋರೆಲ್ಲ ಬರೋ ಜಾಗ ಐತೆ, ಅಲ್ಲಿ ಒಬ್ರಿಗೆ ಹೇಳಿವ್ನಿ. ಇನ್ಮೇಲೆ ಇಲ್ಲಿಗೆ ಬರ್ಬ್ಯಾಡ."

ಅವಳು ಕೆಳಗಿಳಿದ ಮೇಲೆ ನಾನು ಹಾರಾಡಿದೆ. ಭಾವನ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

"ವರ್ಷವೆಲ್ಲ ಕಾದು ಒಬ್ಬಳು ಸಿಕ್ಕವ್ಳೆ! ಅವ್ಳನ್ನೂ ಓಡಿಸ್ತೀರಾ ಭಾವ? ನಿಮ್ಗೇನ್ ಬಂದೈತೆ?"

"ಇಲ್ಲಿ ಯಾರ್ ಜೊತೆ ಆಡ್ತಾಳ್ಲಾ? ನನ್ ಜೊತೆ ಆಡಿ, ನನ್ನೇ ಸೋಲ್ಸಿ, ಕೊನೆಗೆ ನನ್ನಂಗೇ ಆಯ್ತಾಳೆ. ಒಂದ್ ರೂಮೊಳಗೆ ರಾಜ. ಬೆಳಗಿನ ಹೊತ್ತು ಒಬ್ಬನೇ ಆಡ್ಕಂಡು ದೊಡ್ ಆಟಗಾರ ಅಂದ್ಕಂಡಿದ್ದೆ ನಾನು. ಒಂದಿನ ಒಬ್ಬ ಸಾಹೇಬ್ರು, 'ಬಾರೋ, ಒಂದ್ ಗೇಮ್ ಆಡು' ಅಂದ್ರು. ಎದುರ್ಗೆ ಒಬ್ಬ ನಿಂತವ್ನೆ ಅಂತ ಕೈ ಎಷ್ಟ್ ನಡುಗ್ತು ಅಂದ್ರೆ, ಚೆಂಡ್ ತಪ್ಪಿ ಟೇಬಲ್ ಬಟ್ಟೆ ಹರ್ದೆ. ಇನ್ಯಾವತ್ತೂ ಕರೀಲಿಲ್ಲ."

ಇಷ್ಟು ವರ್ಷದಲ್ಲಿ ಈ ಮಾತನ್ನು ಅವರು ಅಕ್ಕನಿಗೂ ಹೇಳಿರಲಿಲ್ಲ. ಶಾಲೆ ಬಿಟ್ಟವನು ನಾನು, ಜನರ ಎದುರು ಹೆಸರು ಬರೆಯಲು ಪೆನ್ನು ಹಿಡಿದಾಗ ಕೈ ಹೇಗೆ ನಡುಗುತ್ತದೆ ಎಂದು ನನಗೆ ಗೊತ್ತು.

ಹೊಲಿಗೆ ಮಿಷನ್ನು ಮೊದಲೇ ಟೆಂಪೋದಲ್ಲಿ ಕೆಂಗೇರಿಗೆ ಹೋಗಿತ್ತು. ಅವಳು ಹೊರಟ ಭಾನುವಾರ ಬೆಂಗಳೂರು ಬಸ್ಸಿನ ಹತ್ತಿರ ನಾವಿಬ್ಬರೂ ನಿಂತಿದ್ದೆವು. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಭಾವ ಗದರಿದರು, "ಮೊದಲ್ನೇ ವರ್ಷ ಬರೀ ಸೋಲ್ತೀಯ. ಸೋತು ಬೇಜಾರಾಯ್ತು ಅಂತ ಬಂದು ನನ್ ಗೆದ್ದು ಸಮಾಧಾನ ಮಾಡ್ಕಬ್ಯಾಡ. ತಿಳೀತಾ?"

"ತಿಳೀತು ಸಾರ್," ಎಂದಳು. ಬಸ್ಸು ಹೊರಟಿತು.

ತಿರುವು ದಾಟಿ ಬಸ್ಸು ಕಾಣದಾದ ಮೇಲೂ ಭಾವ ಅತ್ತಲೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದರು. "ಒಂದ್ ಸಲನಾದ್ರೂ 'ಹೋಗಲ್ಲ ಸಾರ್' ಅನ್ಬೋದಾಗಿತ್ತು ಅಲ್ವೇನ್ಲಾ?"

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಅಕ್ಕ. ಎತ್ತಲು ಧೈರ್ಯವಿಲ್ಲದೆ ಭಾವನ ಮುಖ ನೋಡಿದೆ.

"ಎತ್ತು," ಎಂದರು. "ನಿಮ್ಮಕ್ಕನ್ಗೆ ಹೇಳು. ಒಬ್ಳು ನಿಂತ್ಲು ಅಂತ."